ಕೋವಿಗೆಂದು ತಂದ ಹಲಗೆ

ನವರಾತ್ರಿ ಹತ್ತಿರ ಬಂತೆಂದರೆ ನಮ್ಮ ಗ್ಯಾರೇಜಿನಲ್ಲಿ ಅಗಸೆ ಎಣ್ಣೆಯ ವಾಸನೆ ಏಳುತ್ತದೆ. ನನ್ನ ಗಂಡ ಸುಧಾಕರ ಸೇಫಿನ ಬೀಗ ತೆಗೆದು ಕೋವಿಯನ್ನು ಹೊರಗೆ ತಂದು, ಮೈ ಒರೆಸುವ ಹಳೆಯ ಬೈರಾಸನ್ನು ಮೊಣಕಾಲ ಮೇಲೆ ಹಾಸಿಕೊಂಡು, ಅದರ ಮರದ ಭಾಗಕ್ಕೆ ಬೆರಳಿನಲ್ಲೇ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ. "ನನ್ನ ತಲೆಗೆ ಒಂದು ದಿನವಾದ್ರೂ ಹೀಗೆ ಎಣ್ಣೆ ಹಾಕಿದ್ದುಂಟಾ ಮಾರಾಯ್ರೇ?" ಎಂದು ನಾನು ಪ್ರತಿವರ್ಷ ಕೇಳುತ್ತೇನೆ. "ನಿನ್ನ ತಲೆ ಬಿರುಕು ಬಿಡುದಿಲ್ಲ ಅಲ್ವಾ" ಎಂದು ಇವರು ಪ್ರತಿವರ್ಷ ಉತ್ತರ ಕೊಡುತ್ತಾರೆ.

ಆ ಕೋವಿಯಿಂದ ಇವರು ಕಡವೆ ಹೊಡೆದದ್ದುಂಟು, ನಾನದನ್ನು ಸುಕ್ಕ ಮಾಡಿ ಬಡಿಸಿದ್ದೂ ಉಂಟು. ಆದರೆ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ನೆನಪಾಗುವುದು ಬೇಟೆಯಲ್ಲ. ಕೋವಿಯಿನ್ನೂ ಬರೀ ಹಲಗೆಯಾಗಿದ್ದ ವರ್ಷ, ಅತ್ತೆ ಊರಿನಿಂದ ಬಂದು ನಮ್ಮೊಡನಿದ್ದ ವರ್ಷ, ನನ್ನ ಮಗಳು ಚಿತ್ರ ಬಿಡಿಸುವುದನ್ನು ನಿಲ್ಲಿಸಿದ ವರ್ಷ.

ಎರಡು ಸಾವಿರದ ಆರನೇ ಇಸವಿ. ಮೆಲ್ಬರ್ನಿನಲ್ಲಿ ಮಳೆಯೇ ಇಲ್ಲದ ಕಾಲ. ತೋಟಕ್ಕೆ ಪೈಪಿನಲ್ಲಿ ನೀರು ಬಿಡಬಾರದೆಂದು ಕಟ್ಟುಪಾಡು ಬಂದು, ಸ್ನಾನ ಮಾಡುವಾಗ ಕಾಲಬುಡದಲ್ಲಿ ಬಕೆಟ್ ಇಟ್ಟು ಆ ನೀರನ್ನು ಕರಿಬೇವಿನ ಗಿಡಕ್ಕೆ ಹೊಯ್ಯುತ್ತಿದ್ದೆವು. ನಾವಿದ್ದದ್ದು ಬಾಕ್ಸ್ ಹಿಲ್ ಹತ್ತಿರ, ಬಾಡಿಗೆ ಮನೆಯಲ್ಲಿ. ನಾನು ಅಲ್ಲೇ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಇವರು ಡ್ಯಾಂಡಿನಾಂಗಿನ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಮಗಳು ಶ್ರಾವ್ಯ ಆಗಷ್ಟೇ ಶಾಲೆಗೆ ಸೇರಿದ್ದಳು. ಮನೆಯಲ್ಲಿ ನಾವಾಡುವುದು ತುಳು, ಇವರದ್ದು ಕಾರ್ಕಳದ ಕಡೆ, ನನ್ನದು ಉಡುಪಿ. ಇಲ್ಲಿ ಆ ಮಾತುಗಳನ್ನು ನಮ್ಮ ಊರಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇವರಿಗೆ ಬೇಟೆಯ ಹುಚ್ಚು ಹಿಡಿಸಿದ್ದು ಜತೆಗೆ ಕೆಲಸ ಮಾಡುತ್ತಿದ್ದ ಗ್ಯಾರಿ. ಅವನು ವಾರಾಂತ್ಯಕ್ಕೆ ಬೆಟ್ಟದ ಕಡೆ ಕರೆದುಕೊಂಡು ಹೋಗಿ, ಹಿಮ ಬೀಳುವ ಇಳಿಜಾರಿನಲ್ಲಿ ಒಂದು ಪ್ರಾಣಿಯ ಹೆಜ್ಜೆ ತೋರಿಸಿದನಂತೆ. ಇವರು ನೋಡಿದರೆ ನಮ್ಮ ಕಡವೆ! ಬಹಳ ಹಿಂದೆ ನಮ್ಮ ಕಡೆಯಿಂದಲೇ ಯಾರೋ ತಂದು ಬಿಟ್ಟದ್ದಂತೆ, ಈಗ ಕಾಡು ತುಂಬಾ ಅದೇ. ಊರಿನಲ್ಲಿ ಕಡವೆಗೆ ಕೈ ಹಾಕಿದರೆ ಜೈಲು. ಇಲ್ಲಿ ಅವು ಹೆಚ್ಚಾಗಿ ಕಾಡು ಹಾಳಾಗುತ್ತದೆಂದು ಲೈಸೆನ್ಸ್ ಇದ್ದವರಿಗೆ ಹೊಡೆಯಲು ಬಿಡುತ್ತಾರೆ. "ಇಲ್ಲೇ ನೆಲೆಸ್ಲಿಕ್ಕೆ ನಮಗಿಂತ ಮೊದ್ಲೇ ಪಿಆರ್ ಸಿಕ್ಕಿದ್ದು ಅದಕ್ಕೆ" ಎಂದು ನಾನು ನಕ್ಕೆ.

ಇವರೂ ಲೈಸೆನ್ಸ್ ಮಾಡಿಸಿಕೊಂಡರು, ಗ್ಯಾರಿಯ ಜತೆ ಹೋಗಿ ಅವನ ಎರಡನೇ ಕೋವಿಯಿಂದ ಗುರಿಯಿಟ್ಟರು. ಕಡವೆ ಎದುರಿಗೇ ನಿಂತಿತ್ತಂತೆ. ಗುಂಡು ಎಲ್ಲೋ ಎಡಕ್ಕೆ ಹೋಯಿತು. ಗುರಿ ಅಭ್ಯಾಸದ ರೇಂಜಿನಲ್ಲಿ ಕಾಗದದ ಮೇಲೆ ಹೊಡೆದರೂ ಅದೇ ಕತೆ, ಎಲ್ಲ ಎಡಕ್ಕೆ. ಮನೆಗೆ ಬಂದು ಮುಖ ಸಣ್ಣ ಮಾಡಿ ಕೂತು, "ಅದು ನನ್ನ ಅಳತೆಯ ಕೋವಿ ಅಲ್ಲ" ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದುಬಿಟ್ಟೆ ನಾನು. ನನ್ನ ಬಾಯಿಯೇ ಹಾಗೆ.

ಇವರು ನಗಲಿಲ್ಲ. ಊರಿನಲ್ಲಿ ಗದ್ದೆಗೆ ಬರುವ ಹಂದಿ ಓಡಿಸಲು ಮನೆಯಲ್ಲೊಂದು ಕೋವಿ ಇತ್ತು, ಹುಡುಗನಾಗಿದ್ದಾಗ ಅದನ್ನು ಹಿಡಿದು ಗುರಿ ತಪ್ಪಿದ್ದಕ್ಕೆ ಇವರ ಅಪ್ಪ, ನನ್ನ ಮಾವನವರು, ಎಲ್ಲರೆದುರು, "ಇವನ ಕೈಗೆ ಎಂತದೂ ಒಲಿಯುದಿಲ್ಲ" ಎಂದಿದ್ದರಂತೆ. ಅಕ್ಷರ ಕೆಟ್ಟದು, ಕ್ರಿಕೆಟ್ಟಿನಲ್ಲಿ ಸೊನ್ನೆ, ಎಲೆಯ ಮೇಲೆ ಸಾರು ಕಲಸಿದರೆ ಅರ್ಧ ಹೊರಗೆ. ತನ್ನ ಕೈಯೇ ಸರಿಯಿಲ್ಲವೆಂದು ಈ ಮನುಷ್ಯ ಅಷ್ಟು ವರ್ಷ ನಂಬಿಕೊಂಡೇ ಇದ್ದರೆಂದು ನನಗೆ ಅವತ್ತೇ ಗೊತ್ತಾದದ್ದು. ಪಾಪ ಅನಿಸಿತು. "ಸರಿ, ನಿಮ್ಮ ಅಳತೆಯದ್ದೇ ಒಂದು ಮಾಡಿಸಿ" ಎಂದೆ.

ಹೇಳಿದ್ದೇ ತಡ, ಪ್ಲಾನ್ ಶುರುವಾಯಿತು. ಬೆಟ್ಟ ಹತ್ತುವ ಕೋವಿ ಹಗುರ ಇರಬೇಕು. ಪೊದೆಗೆ ಸಿಕ್ಕದಂತೆ ನಳಿಗೆ ಗಿಡ್ಡವಿರಬೇಕು. ಮೇಲೆ ದುರ್ಬೀನು ಬೇಡ, ಬರೀ ಕಣ್ಣಲ್ಲೇ ಗುರಿ ಹಿಡಿಯಬೇಕು, ಊರಿನ ಕೋವಿಯ ಹಾಗೆ. ಪ್ಲಾಸ್ಟಿಕ್ಕಿನ ಹಿಡಿ ಬೇಡವೇ ಬೇಡ. ಭುಜಕ್ಕೆ ಒತ್ತುವ, ಕೆನ್ನೆ ತಾಗುವ, ಕೈ ಹಿಡಿಯುವ ಆ ಇಡೀ ಮರದ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ, ಅದು ವಾಲ್‌ನಟ್ ಮರದ್ದೇ ಆಗಬೇಕು. ಸಂಜೆಯಾದರೆ ಕಸಬರಿಕೆಯ ಕೋಲನ್ನು ಭುಜಕ್ಕಿಟ್ಟು ಕನ್ನಡಿಯ ಮುಂದೆ ನಿಲ್ಲುವುದು, ಚಳಿಯ ಜಾಕೆಟ್ ಹಾಕಿದರೆ ಭುಜ ಎಷ್ಟು ದಪ್ಪವಾಗುತ್ತದೆಂದು ನನ್ನ ಕೈಯಲ್ಲಿ ಟೇಪ್ ಹಿಡಿಸುವುದು. ಮದುವೆಯ ಸೂಟಿಗೂ ಇಷ್ಟು ಅಳತೆ ಕೊಟ್ಟವರಲ್ಲ.

ಈ ಸಂಭ್ರಮದ ನಡುವೆ, ಮೇ ತಿಂಗಳಲ್ಲಿ, ಇಲ್ಲಿ ಚಳಿ ಶುರುವಾಗುವ ಹೊತ್ತಿಗೆ ಅತ್ತೆ ಬಂದರು, ಆರು ತಿಂಗಳಿಗೆ. ನನ್ನ ಅತ್ತೆ ಒಳ್ಳೆಯವರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಂದ ಮರುದಿನವೇ ಅಡುಗೆಮನೆ ಅವರ ಕೈಗೆ ಹೋಯಿತು, ಕೆಲಸದಿಂದ ಬಂದರೆ ನನಗೆ ಬಿಸಿ ನೀರ್‌ದೋಸೆ. ಆದರೆ ಮೂರನೆಯ ಊಟಕ್ಕೋ ನಾಲ್ಕನೆಯದಕ್ಕೋ ಅವರ ಕಣ್ಣಿಗೆ ಅದು ಬಿತ್ತು. ಶ್ರಾವ್ಯ ಎಡಗೈಯಲ್ಲಿ ಚಮಚ ಹಿಡಿದಿದ್ದಳು.

"ಇದೆಂತದು? ಎಡಗೈಯಲ್ಲಿ ಉಣ್ಣುದಾ?" ಎಂದು ಚಮಚ ತೆಗೆದು ಬಲಗೈಗೆ ಕೊಟ್ಟರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಈಗ್ಲೇ ತಿದ್ದಬೇಕು."

ನಾನು ಮೊದಲು ತಲೆ ಕೆಡಿಸಿಕೊಳ್ಳಲಿಲ್ಲ. ಕೊಡುವುದು, ತೆಗೆದುಕೊಳ್ಳುವುದು, ಉಣ್ಣುವುದು ಬಲಗೈಯಲ್ಲೇ ಎಂದು ನಮ್ಮಲ್ಲಿ ಯಾರ ಮನೆಯಲ್ಲಿ ಹೇಳುವುದಿಲ್ಲ? ಆದರೆ ಅತ್ತೆ ಅಲ್ಲಿಗೆ ನಿಲ್ಲಲಿಲ್ಲ. ಶ್ರಾವ್ಯ ದಿನವಿಡೀ ಚಿತ್ರ ಬಿಡಿಸುವ ಹುಡುಗಿ. ಬಿಲ್ಲಿನ ಲಕೋಟೆ, ಪಿಜ್ಜಾದ ಡಬ್ಬ, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳು ಕ್ರೇಯಾನ್ ಎತ್ತಿದರೆ ಸಾಕು, ಅಜ್ಜಿಯ ಕೈ ಬಂದು ಅದನ್ನು ಬಲಗೈಗೆ ದಾಟಿಸುತ್ತಿತ್ತು.

"ಬಟ್ ಅಜ್ಜಿ, ದಿಸ್ ಈಸ್ ಮೈ ಡ್ರಾಯಿಂಗ್ ಹ್ಯಾಂಡ್!"

"ಎಂತ ಹೇಳ್ತಾಳೆ ಇವಳು?"

"ಚಿತ್ರ ಬಿಡಿಸುದು ಆ ಕೈಯಲ್ಲಿ ಅಂತೆ ಅತ್ತೆ. ಬಿಡಿ, ಇಲ್ಲಿ ಶಾಲೆಯಲ್ಲೂ ಯಾರೂ ಬೇಡ ಹೇಳುದಿಲ್ಲ."

"ಇಲ್ಲಿಯವರು ಕಾಗದದಲ್ಲಿ ಕುಂಡೆ ಒರೆಸುವವರು, ಅವರಿಗೆ ಯಾವ ಕೈಯಾದ್ರೆಂತ?" ಎಂದರು ಅತ್ತೆ. ನನಗೆ ನಗು ಬಂತು, ಸಿಟ್ಟೂ ಬಂತು.

ಗಂಡನಿಗೆ ಹೇಳಿದೆ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರಂತೆ ನಿಂತರು, ನುಂಗಲೂ ಇಲ್ಲ, ಉಗುಳಲೂ ಇಲ್ಲ. "ಆರು ತಿಂಗಳಿಗೆ ಬಂದದ್ದಲ್ವಾ. ಸ್ವಲ್ಪ ಸುಮ್ಮನಿರು" ಎಂದು ಮತ್ತೆ ಕಸಬರಿಕೆಯ ಕೋಲು ಎತ್ತಿಕೊಂಡರು.

ಒಂದು ದಿನ ಶಾಲೆಯ ಗೇಟಿನ ಹತ್ತಿರ ಟೀಚರ್ ನನ್ನನ್ನು ನಿಲ್ಲಿಸಿ, ಮನೆಯಲ್ಲಿ ಎಲ್ಲ ಸರಿ ಇದೆಯೇ ಎಂದು ಕೇಳಿದಳು. ಶ್ರಾವ್ಯ ಕ್ಲಾಸಿನಲ್ಲಿ ಚಿತ್ರ ಬಿಡಿಸುತ್ತಿಲ್ಲವಂತೆ. ಕಾಗದ ಕೊಟ್ಟರೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳಂತೆ. ಮನೆಗೆ ಬಂದು ಫ್ರಿಜ್ಜಿನ ಬಾಗಿಲು ನೋಡಿದೆ. ಅಂಟಿಸಿದ್ದೆಲ್ಲ ಹಳೆಯ ಚಿತ್ರಗಳು, ಹೊಸದೊಂದೂ ಇರಲಿಲ್ಲ. ಇದನ್ನು ನಾನೇ ಗಮನಿಸಿರಲಿಲ್ಲ.

ಜುಲೈ ರಜೆಗೆ ಎಲ್ಲರೂ ಕಾರಿನಲ್ಲಿ ಸಿಡ್ನಿಗೆ ಹೊರಟೆವು. ನನ್ನ ತಮ್ಮ ಪ್ರವೀಣ ಹ್ಯಾರಿಸ್ ಪಾರ್ಕಿನಲ್ಲಿದ್ದ. ಮನೆಯ ಕೆಳಗೇ ಮಿಠಾಯಿ ಅಂಗಡಿ, ಪಕ್ಕದಲ್ಲಿ ಕೊತ್ತಂಬರಿ ಸೊಪ್ಪು, ಅತ್ತೆಗೆ ಸ್ವರ್ಗ. "ಇದು ಆಸ್ಟ್ರೇಲಿಯ ಹೌದಾ?" ಎಂದು ಎರಡೆರಡು ಸಲ ಕೇಳಿದರು. ಅವರನ್ನೂ ಶ್ರಾವ್ಯಳನ್ನೂ ಪ್ರವೀಣನ ಹತ್ತಿರ ಬಿಟ್ಟು ನಾವಿಬ್ಬರು ಊರಾಚೆ ಇದ್ದ ಬ್ರೂನೋನ ವರ್ಕ್‌ಶಾಪಿಗೆ ಹೋದೆವು. ಕೋವಿಗೆ ಮರದ ಸ್ಟಾಕ್ ಕೆತ್ತುವ ಬ್ರೂನೋ ಇಟಲಿಯಿಂದ ಬಂದ ಮುದುಕ, ಮಹಾ ಮಾತಿನ ಮಲ್ಲ. ಕೋವಿಗಿಂತ ಅವನ ಮೂರು ಮದುವೆಯ ಕತೆಯೇ ಹೆಚ್ಚಾಯಿತು.

ವಾಲ್‌ನಟ್ ಹಲಗೆಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೋರಿಸಿದ. ನೀರು ತಾಗಿದಾಗ ಮರದೊಳಗಿನ ಗೆರೆಗಳು ಎದ್ದು ಬರುತ್ತಿದ್ದವು, ಕಾಫಿಗೆ ಹಾಲು ಹೊಯ್ದ ಹಾಗೆ. ಕೈ ಹಿಡಿಯುವಲ್ಲಿ ಗೆರೆ ನೇರ ಇರಬೇಕು, ಇಲ್ಲದಿದ್ದರೆ ಬೆಟ್ಟದಲ್ಲಿ ಬಿದ್ದಾಗ ಅಲ್ಲೇ ಮುರಿಯುತ್ತದೆ ಎಂದ. ಇವರು ಬಹಳ ಹೊತ್ತು ನೋಡಿ ಒಂದನ್ನು ಆರಿಸಿದರು.

ಆಮೇಲೆ ಅಳತೆ. ಬರೀ ಮರದ ಕೋವಿಯೊಂದನ್ನು ಕೊಟ್ಟು, ಕಣ್ಣು ಮುಚ್ಚಿ ಭುಜಕ್ಕೇರಿಸು, ಈಗ ಕಣ್ಣು ಬಿಡು ಎಂದ. ಪ್ರತಿ ಸಲವೂ ಇವರ ತಲೆ ಮರದ ಮೇಲಿಂದ ಆಚೆ ಬಾಗುತ್ತಿತ್ತು. ಬ್ರೂನೋ ಕೆನ್ನೆಯ ಜಾಗ ಎತ್ತರಿಸಿದ, ತಗ್ಗಿಸಿದ, "ನಿನ್ನ ಕುತ್ತಿಗೆ ಕೊಕ್ಕರೆಯದ್ದು ಮೇಟ್" ಎಂದ. ಚಹಾ ಹಿಡಿದು ಮೂಲೆಯಲ್ಲಿ ಕೂತಿದ್ದ ನನಗೆ ಒಮ್ಮೆಲೇ ಹೊಳೆಯಿತು. ಇವರು ನೋಡುತ್ತಿರುವುದು ಎಡಗಣ್ಣಿನಿಂದ, ಗುಂಡು ಎಡಕ್ಕೆ ಹೋಗುವುದೂ ಅದಕ್ಕೇ! ದಿನವೂ ಊರವರ ಕಣ್ಣೆಲ್ಲ ನೋಡುವ ನಾನು ಗಂಡನ ಕಣ್ಣು ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆಯಾ?

"ಎರಡು ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ" ಎಂದೆ. "ಅದರೊಳಗಿಂದ ಆ ಗಡಿಯಾರ ನೋಡಿ. ಈಗ ಬಲಗಣ್ಣು ಮುಚ್ಚಿ."

"ಕಾಣ್ತದೆ."

"ಈಗ ಎಡಗಣ್ಣು."

"ಗಡಿಯಾರ ಇಲ್ಲ" ಎಂದರು, ಗಾಬರಿಯಾಗಿ.

ಬ್ರೂನೋ ತೊಡೆ ತಟ್ಟಿ ನಕ್ಕ. "ನೀನು ಎಡಗೈಯವನಾ?"

"ಅಲ್ಲ, ಅಲ್ಲ. ಬಲಗೈ" ಎಂದರು ಇವರು, ಯಾರೋ ಕಳ್ಳತನ ಹೊರಿಸಿದಂತೆ. ಬ್ರೂನೋ ಕೈಯಲ್ಲಿದ್ದ ಪೆನ್ಸಿಲನ್ನು ಇವರತ್ತ ಎಸೆದ. ಇವರು ಥಟ್ಟನೆ ಹಿಡಿದರು, ಎಡಗೈಯಲ್ಲಿ. ಹಿಡಿದ ಪೆನ್ಸಿಲನ್ನೇ ನೋಡುತ್ತಾ ನಿಂತುಬಿಟ್ಟರು.

ಎಡಗೈಯವನ ಕೋವಿಯೇ ಬೇರೆ, ಕೆನ್ನೆಯ ಉಬ್ಬು ಬಲಪಕ್ಕಕ್ಕೆ ಬರಬೇಕು, ಗುಂಡು ತುಂಬುವ ಹಿಡಿಕೆ ಎಡಕ್ಕೆ, ಒಮ್ಮೆ ಕೆತ್ತಿದರೆ ತಿರುಗಿಸಲಾಗದು ಎಂದು ಬ್ರೂನೋ ವಿವರಿಸಿದ. "ಹಲಗೆ ತಗೊಂಡು ಹೋಗು. ತಾನಿರುವ ಊರಿನ ಗಾಳಿ ಮರಕ್ಕೂ ಒಗ್ಗಲಿ. ಯಾವ ಕೈ ಅಂತ ತೀರ್ಮಾನ ಮಾಡಿ ಕಳಿಸು." ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕೋವಿಯ ಆಕಾರ ಬರೆದು ಕೊಟ್ಟ.

ವಾಪಸು ಬರುವಾಗ ಹೈವೇಯ ಪಕ್ಕ ಕಾಫಿಗೆ ನಿಲ್ಲಿಸಿದೆವು. ಅಜ್ಜಿ ಮೊಮ್ಮಗಳು ಒಳಗೆ ಚಿಪ್ಸ್ ತಿನ್ನುತ್ತಿದ್ದರು. ಇವರು ಕಾರಿಗೆ ಒರಗಿ ನಿಂತು, ನಾನು ಕೇಳದೆಯೇ ಹೇಳಿದರು. "ಸಣ್ಣದಿರುವಾಗ ಅಮ್ಮ ಎಡಗೈಯನ್ನು ಬೈರಾಸಿನಲ್ಲಿ ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸ್ತಿದ್ರು. ಬರೀಲಿಕ್ಕೆ ಕೂತಾಗಲೂ. ನನಗೆ ಮರ್ತೇ ಹೋಗಿತ್ತು."

ನನ್ನ ಮೈ ಉರಿಯಿತು. "ಮತ್ತೆ ಶ್ರಾವ್ಯಂಗೂ ಅದೇ ಆಗ್ತಾ ಉಂಟು. ನೋಡ್ತಾ ಕೂತಿದ್ದೀರಿ."

"ಅಮ್ಮ ಕೆಟ್ಟದ್ದಕ್ಕೆ ಮಾಡಿದ್ದಾ? ಬಲಗೈಯಲ್ಲೇ ಬರೆದು ನಾನು ಎಂಜಿನಿಯರ್ ಆಗ್ಲಿಲ್ವಾ?"

"ಆದ್ರಿ. ಮತ್ತೆ ಕೈಗೆ ಎಂತದೂ ಒಲಿಯುದಿಲ್ಲ ಅಂತ ಇಷ್ಟು ವರ್ಷ ಅಂದುಕೊಂಡದ್ದು ಯಾರು?"

ಇವರು ಕಾಫಿಯ ಲೋಟ ಹಿಸುಕಿದರು. "ಬಲಗೈಯದ್ದೇ ಮಾಡಿಸ್ತೇನೆ. ಅಭ್ಯಾಸ ಆಗ್ತದೆ. ಅಮ್ಮ ಇರುವಾಗ ಇದೆಲ್ಲ ಎತ್ತಿ ಆಡುದು ಬೇಡ" ಎಂದರು. ಮೆಲ್ಬರ್ನ್ ಮುಟ್ಟುವವರೆಗೆ ಹಿಂದಿನ ಸೀಟಿನಲ್ಲಿ ಅತ್ತೆ ಆ ಹಲಗೆಯ ಮೇಲೆ ಕಾಲಿಟ್ಟುಕೊಂಡು ಸುಖವಾಗಿ ನಿದ್ದೆ ಮಾಡಿದರು.

ಹಲಗೆ ನಮ್ಮ ಹಾಲಿನ ಗೋಡೆಗೆ ಒರಗಿ ನಿಂತಿತು. ಒಂದು ಸಂಜೆ ಬಂದು ನೋಡಿದರೆ ನೆಲದ ಮೇಲಿದೆ, ಅತ್ತೆ ಅದರ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಾರೆ. "ಒಳ್ಳೆ ಮಣೆ ಮಾರಾಯ್ತಿ. ನಮ್ಮ ಹಲಸಿನ ಮರಕ್ಕೆ ಸಮ ಆಗ್ಲಿಕ್ಕಿಲ್ಲ, ಆದ್ರೂ ಅಡ್ಡಿಲ್ಲ." ಇವರು ಬಂದು ನೋಡಿ ತಲೆ ಮೇಲೆ ಕೈ ಹೊತ್ತರು. ನನಗೆ ನಕ್ಕು ನಕ್ಕು ಸಾಕಾಯಿತು. ಸೀಮೆಸುಣ್ಣದ ಗೆರೆ ಅಳಿಸಿದ್ದರಿಂದ ಇವರು ಅದರ ಮೇಲೆ ಪೆನ್ಸಿಲಿನಲ್ಲಿ ಗಾಢವಾಗಿ ಗೆರೆ ಎಳೆದರು. ಬಲಗೈಯವರ ಕೋವಿ.

ಆಗಸ್ಟಿನ ಒಂದು ಭಾನುವಾರ. ಮೋಡ ಕಟ್ಟಿತ್ತು, ಮಳೆ ಮಾತ್ರ ಬರಲಿಲ್ಲ. ಅತ್ತೆ ಊಟವಾಗಿ ಮಲಗಿದ್ದರು, ನಾನು ಬಟ್ಟೆ ಮಡಚುತ್ತಿದ್ದೆ. ಇವರು ಹಾಲಿನ ಬಾಗಿಲಲ್ಲಿ ನಿಂತು, ಸದ್ದು ಮಾಡಬೇಡವೆಂದು ಬೆರಳು ತೋರಿಸಿ ನನ್ನನ್ನು ಕರೆದರು. ಹೋಗಿ ಇಣುಕಿದೆ. ಶ್ರಾವ್ಯ ಸೋಫಾದ ಹಿಂದೆ ಹಲಗೆಯನ್ನು ಎಳೆದುಕೊಂಡು, ಅದರ ಮೇಲೆ ಬೋರಲಾಗಿ ಮಲಗಿ, ಚಿತ್ರ ಬಿಡಿಸುತ್ತಿದ್ದಳು. ಎಡಗೈಯಲ್ಲಿ. ಅಪ್ಪ ಎಳೆದ ಗೆರೆಯ ಆಚೆ, ಹಲಗೆಯ ಮೂಲೆಯಲ್ಲಿ, ಕವಲು ಕೊಂಬಿನ ಒಂದು ಕಡವೆ. ಅವಳ ನಾಲಿಗೆ ಹೊರಗಿತ್ತು, ಕೈ ಸರಾಗವಾಗಿ ಓಡುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಅತ್ತೆ ಕೆಮ್ಮಿದರು. ಆ ಕೆಮ್ಮು ಕೇಳಿದ್ದೇ, ನನ್ನ ಮಗಳು ಕ್ರೇಯಾನನ್ನು ಬಲಗೈಗೆ ದಾಟಿಸಿ, ಎಡಗೈಯನ್ನು ಬೆನ್ನ ಹಿಂದೆ ಮಡಚಿ ಸೊಂಟಕ್ಕೆ ಒತ್ತಿಕೊಂಡಳು. ಯಾರೂ ಕಟ್ಟಿರಲಿಲ್ಲ, ತಾನೇ.

ಇವರ ಮುಖ ನೋಡಬೇಕಿತ್ತು. ನಮ್ಮ ಮದುವೆಯಾದ ಮೇಲೆ ಇವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಒಳಗೆ ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತು, ಆ ಸಣ್ಣ ಕೈಯನ್ನು ಬೆನ್ನ ಹಿಂದಿನಿಂದ ಬಿಡಿಸಿ ತಂದು ಕ್ರೇಯಾನ್ ಕೊಟ್ಟರು. "ಕಡವೆಗೆ ಬಾಲ ಎಲ್ಲಿ? ಬರಿ" ಎಂದರು.

"ಅಜ್ಜಿ ವಿಲ್ ಬಿ ಕ್ರಾಸ್" ಎಂದಳು ಅವಳು, ಅಜ್ಜಿಗೆ ಸಿಟ್ಟು ಬರುತ್ತದೆಂದು.

"ಅಜ್ಜಿ ಹತ್ರ ನಾನು ಮಾತಾಡ್ತೇನೆ."

ಮರುದಿನ ಅತ್ತೆ ಎದುರಿಗಿರುವಾಗಲೇ ಇವರು ಸಿಡ್ನಿಯ ಬ್ರೂನೋಗೆ ಫೋನ್ ಮಾಡಿ, ಎಡಗೈಯವನಿಗೆ ಕೆತ್ತಬೇಕು ಎಂದು ಹೇಳಿದರು. ಫೋನ್ ಇಟ್ಟು ಅದನ್ನೇ ತುಳುವಿನಲ್ಲಿ ಹೇಳಿ, "ಶ್ರಾವ್ಯಳ ಕೈ ಇನ್ನು ತಿದ್ದುದು ಬೇಡ ಅಮ್ಮ" ಎಂದರು.

ಅತ್ತೆ ಮೊದಲು ನನ್ನನ್ನು ನೋಡಿದರು. ಇದು ನಿನ್ನ ಕೆಲಸ ಎನ್ನುವ ಹಾಗೆ. ಆಮೇಲೆ ಮಗನಿಗೆ ಹೇಳಿದರು: "ನಿನ್ನ ಮಾವ, ನನ್ನ ತಮ್ಮ, ಎಡಚ. ಶಾಲೆಯಲ್ಲಿ ಮಾಸ್ಟ್ರು ಅವನ ಗೆಣ್ಣಿಗೆ ಹೊಡೆದು ಹೊಡೆದು ಬೆರಳು ಬಾತು ಬರ್ತಿತ್ತು. ಬಿತ್ತನೆ ದಿನ ಅವನ ಕೈಯಿಂದ ಒಬ್ಬನೂ ಬೀಜ ಮುಟ್ಟಿಸ್ಕೊಳ್ತಿರ್ಲಿಲ್ಲ. ನಿನಗೆ ಹಾಗೆ ಆಗ್ಬಾರ್ದು ಅಂತ, ಮಾಸ್ಟ್ರು ಹೊಡೆಯುವ ಮೊದ್ಲು ನಾನೇ ಕಟ್ಟಿದೆ. ಕಟ್ಟಿ ಒಳಗೆ ಹೋಗಿ ಕಣ್ಣೀರು ಹಾಕಿ ಕೂಗಿದ್ದೇನೆ. ಅದು ನಿನಗೆ ಗೊತ್ತುಂಟಾ?"

ಇವರು ಇಲ್ಲವೆಂದು ತಲೆಯಾಡಿಸಿದರು.

"ನಾನು ಕಟ್ಟಿದ್ದನ್ನು ನೀನು ಬಿಚ್ಚಿದಿ. ಆಯ್ತು" ಎಂದು ಎದ್ದು ಹೋದರು. ಆಮೇಲೆ ವಾರಗಟ್ಟಲೆ ಮನೆಯಲ್ಲಿ ಮಾತು ಲೆಕ್ಕಕ್ಕೆ ಬೇಕಾದಷ್ಟೇ. ನೀರ್‌ದೋಸೆ ಬರುತ್ತಿತ್ತು, ಆದರೆ ಅದರ ಜತೆ ಊರಿನ ಸುದ್ದಿ ಬರುತ್ತಿರಲಿಲ್ಲ. ಶ್ರಾವ್ಯಳ ಕೈಗೆ ಅವರು ಮತ್ತೆ ಕೈ ಹಾಕಲಿಲ್ಲ, ಅವಳು ಚಿತ್ರ ಬಿಡಿಸಲು ಕೂತರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದರು. ನನಗೆ ಸಿಟ್ಟು ಇಳಿದು ಮರುಕ ಬಂದದ್ದು ಆಗಲೇ. ಒಬ್ಬ ತಾಯಿಯ ಇಡೀ ಪ್ರೀತಿಯನ್ನು ಬೈರಾಸಿನ ಒಂದು ಗಂಟಿಗೆ ಇಳಿಸಿಬಿಟ್ಟೆವೇನೋ ಅನಿಸುತ್ತಿತ್ತು.

ನವರಾತ್ರಿ ಬಂತು. ವಿಜಯದಶಮಿ ಕಳೆದ ಮೇಲೆ ಹಲಗೆಯನ್ನು ಸಿಡ್ನಿಗೆ ಕಳಿಸುವುದೆಂದು ಇವರು ತೀರ್ಮಾನಿಸಿದ್ದರು. ಆಯುಧ ಪೂಜೆಯ ದಿನ ಬೆಳಿಗ್ಗೆ ಅತ್ತೆ ತಾವಾಗಿಯೇ ಶುರು ಮಾಡಿದರು. ಕತ್ತಿ, ಮಿಕ್ಸಿ, ಕಾರಿನ ಕೀ, ನನ್ನ ಕಣ್ಣು ಪರೀಕ್ಷೆಯ ಟಾರ್ಚ್, ಇವರ ಸ್ಪ್ಯಾನರ್‌ಗಳು, ಎಲ್ಲವನ್ನೂ ಸಾಲಾಗಿಟ್ಟು ಕುಂಕುಮ ಹಚ್ಚಿದರು. ಹಲಗೆಯನ್ನೂ ತಂದಿಡಲು ಹೇಳಿದರು. ಅದರ ಮೂಲೆಯ ಕಡವೆಯನ್ನು ಸ್ವಲ್ಪ ಹೊತ್ತು ನೋಡಿ, ಚಿತ್ರಕ್ಕೆ ತಾಗದಂತೆ ಈಚೆ ಕುಂಕುಮ ಇಟ್ಟರು. ಆಮೇಲೆ ಒಳಗೆ ಹೋಗಿ ಶ್ರಾವ್ಯಳ ಕ್ರೇಯಾನ್ ಡಬ್ಬ ತಂದು ಹಲಗೆಯ ಮೇಲಿಟ್ಟರು. "ಕೈಯಲ್ಲಿ ಹಿಡಿದು ಕೆಲಸ ಮಾಡುದೆಲ್ಲ ಆಯುಧವೇ" ಎಂದರು, ಯಾರಿಗೂ ಹೇಳದ ಹಾಗೆ.

ಆರತಿಯಾಯಿತು. ಅತ್ತೆ ಪಂಚಕಜ್ಜಾಯದ ತಟ್ಟೆ ಹಿಡಿದು ಮೊದಲು ಮೊಮ್ಮಗಳ ಹತ್ತಿರ ಬಂದರು. ಶ್ರಾವ್ಯ ಎಡಗೈ ಚಾಚಿದಳು, ಹೆದರಿ ಹಿಂದಕ್ಕೆಳೆದಳು, ಬಲಗೈ ಅರ್ಧ ಎತ್ತಿ ಅದನ್ನೂ ಇಳಿಸಿದಳು.

"ಎರಡೂ ಕೈ ಒಡ್ಡು ಮಗಾ" ಎಂದರು ಅತ್ತೆ. "ಪ್ರಸಾದಕ್ಕೆ ಎರಡೂ ಕೈ ಬೇಕು. ಒಂದರ ಮೇಲೆ ಒಂದು."

"ವಿಚ್ ವನ್ ಆನ್ ಟಾಪ್, ಅಜ್ಜಿ?"

ಅತ್ತೆ ನನ್ನ ಮುಖ ನೋಡಿದರು. "ಯಾವ ಕೈ ಮೇಲೆ ಅಂತ ಕೇಳ್ತಾಳೆ" ಎಂದೆ. ಅವರು ತಟ್ಟೆಯನ್ನು ಎಡಗೈಗೆ ದಾಟಿಸಿಕೊಂಡರು.

"ಚಿತ್ರ ಬಿಡಿಸುವ ಕೈ" ಎಂದರು ಕೊನೆಗೆ, ಮತ್ತು ಅವಳ ಎಡಗೈಗೆ ಪಂಚಕಜ್ಜಾಯ ಹಾಕಿದರು.

ಅವಳ ಹಿಂದೆ ಇವರು ನಿಂತಿದ್ದರು, ತಲೆಗೂದಲು ನರೆಯಲು ಶುರುವಾಗಿದ್ದ ಗಂಡಸು. ಎರಡೂ ಕೈ ಒಡ್ಡಿದರು, ಎಡಗೈ ಮೇಲೆ. ಅತ್ತೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮಗನ ಎಡಗೈಯ ಮಣಿಕಟ್ಟನ್ನು ಹಿಡಿದು, ಅಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು.

"ಆಗ ನೋಯ್ತಿತ್ತಾ ಮಗಾ?"

"ಇಲ್ಲಮ್ಮ" ಎಂದರು ಇವರು.

ಅತ್ತೆ ಒಂದು ಹಿಡಿ ಪಂಚಕಜ್ಜಾಯ ತೆಗೆದು ಆ ಅಂಗೈಗೆ ಹಾಕಿದರು. ಇವರು ಅಮ್ಮನ ಕಣ್ಣೆದುರೇ, ನಲವತ್ತು ವರ್ಷದಲ್ಲಿ ಮೊದಲ ಸಲ, ಎಡಗೈಯನ್ನು ಬಾಯಿಗೆ ಒಯ್ದರು. ಅತ್ತೆ ನೋಡುತ್ತಾ ನಿಂತರು.

"ಚೆಲ್ಬೇಡ" ಎಂದರು, ಅಷ್ಟೇ.